ಜಿಗ್ಗಿಯೋ, ಅಲಾಡಿನ್ ಸೇನೋ?

ಇಂಗ್ಲಿಷ್ ಗಾಯಕ ಡೇವಿಡ್ ಬೋವಿಯ ಗ್ಲಾಮ್ ರಾಕ್ (ಮಿನುಗುವ ವೇಷ, ನಾಟಕೀಯತೆಯ ರಾಕ್ ಸಂಗೀತ) ಕೇಳಬೇಕು, ಎರಡರಲ್ಲಿ ಯಾವ ಆಲ್ಬಂ ಕೊಳ್ಳಲಿ ಅಂತ ಯಾರಾದರೂ ಕೇಳಿದರೆ 1972ರ ‘ಜಿಗ್ಗಿ ಸ್ಟಾರ್‌ಡಸ್ಟ್’ ಎನ್ನುತ್ತೇನೆ. ಆದರೆ ಮನೆಯಲ್ಲಿ ನಾನು ಜಾಸ್ತಿ ಹಾಕುವುದು 1973ರ ‘ಅಲಾಡಿನ್ ಸೇನ್’. ವಿಚಿತ್ರ ಅಲ್ವಾ?

ಜಿಗ್ಗಿ ಶುರುವಾಗುವುದು ಬರೀ ಡ್ರಮ್ಮಿನಿಂದ. ಮೆಲ್ಲಗೆ, ದೂರದಿಂದ ಯಾರೋ ನಡೆದು ಬಂದ ಹಾಗೆ. ಲೋಕ ಮುಗಿಯಲು ಐದೇ ವರ್ಷ ಬಾಕಿ ಅನ್ನುವ ಸುದ್ದಿ. ಹಾಡು ಮುಗಿಯುವ ಹೊತ್ತಿಗೆ ಬೋವಿ ಅರಚುತ್ತಿರುತ್ತಾನೆ. ಈಗಲೂ ಮೈ ಜುಂ ಎನ್ನುತ್ತದೆ. ಆದರೆ ರೆಕಾರ್ಡಿನ ಮೊದಲ ಬದಿಯ ಕೊನೆಯ ಹಾಡು ಬೇರೆಯವರು ಬರೆದದ್ದು, ಆಲ್ಬಂ ಹೇಳುವ ಜಿಗ್ಗಿ ಎಂಬ ಕಲ್ಪಿತ ರಾಕ್ ತಾರೆಯ ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಥೆಯೂ ಅರ್ಧಂಬರ್ಧ. ಹುಡುಗನಾಗಿದ್ದಾಗ ಇದೆಲ್ಲ ಕಾಣಲೇ ಇಲ್ಲ.

ಅಲಾಡಿನ್ ಸೇನ್ ಹಾಡುಗಳಲ್ಲಿ ಹೆಚ್ಚಿನವು ಅಮೆರಿಕ ಪ್ರವಾಸದಲ್ಲಿ ಹುಟ್ಟಿದವು. ಆಲ್ಬಂ ಹೆಸರಿನ ಹಾಡಿನಲ್ಲಿ ಮೈಕ್ ಗಾರ್ಸನ್ ಪಿಯಾನೊ ಕೇಳಿ: ಮೆಟ್ಟಿಲ ಮೇಲಿಂದ ಸ್ಟೀಲ್ ಪಾತ್ರೆಗಳು ಉರುಳಿದ ಹಾಗೆ, ಆದರೆ ಒಂದೊಂದೂ ಸರಿಯಾದ ಜಾಗದಲ್ಲೇ ಬೀಳುತ್ತದೆ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹಾಡೊಂದನ್ನು ಸುಮ್ನೆ ಓಡಿಸಿದ್ದಾರೆ, ಅದನ್ನು ದಾಟಿಸಿಬಿಡಿ.

ಗಿಟಾರ್ ಎರಡರಲ್ಲೂ ಮಿಕ್ ರಾನ್ಸನ್‌ನದೇ. ಅಲ್ಲಿ ಮೋಸವಿಲ್ಲ.