ಹೊರದೇಶದಿಂದ ಹಚ್ಚೆ ಉಪಕರಣ ತರಿಸುವ ಮುನ್ನ ಇದನ್ನು ಓದಿ

ಹಚ್ಚೆ ಹಾಕುವುದನ್ನು ಕಲಿತು ಸ್ವತಂತ್ರವಾಗಿ ಕೆಲಸ ಆರಂಭಿಸುವ ಹೊತ್ತಿಗೆ, ಬೇಕಾದ ಸಾಮಗ್ರಿಯೆಲ್ಲ ಒಂದೇ ಕಿಟ್‌ನಲ್ಲಿ ಸಿಗುತ್ತದೆಂಬ ಕಾರಣಕ್ಕೆ ನಾನು ಹೊರದೇಶದ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಅದನ್ನು ತರಿಸಿದೆ. ವೈರ್‌ಲೆಸ್ ಮಷಿನ್, ಎರಡು ಹೆಚ್ಚುವರಿ ಬ್ಯಾಟರಿ, ಐದು ಪೆಟ್ಟಿಗೆ ಕಾರ್ಟ್ರಿಜ್ ಸೂಜಿ, ಇಪ್ಪತ್ತು ಬಾಟಲಿ ಇಂಕ್, ಜೊತೆಗೆ ಉಚಿತವೆಂದು ಸೇರಿಸಿದ ಮರಗಟ್ಟಿಸುವ ಕ್ರೀಮ್ ಅದರಲ್ಲಿದ್ದವು. ಏಳು ವಾರಗಳ ನಂತರ ನನ್ನ ಕೈಗೆ ಬಂದದ್ದು ಮಷಿನ್ ಮತ್ತು ಸೂಜಿಯ ಪೆಟ್ಟಿಗೆಗಳು ಮಾತ್ರ; ಆ ಸೂಜಿಗಳಲ್ಲೂ ಒಂದು ಪಾಲನ್ನು ಎಸೆಯಬೇಕಾಯಿತು.

ತೊಂದರೆ ಆರಂಭವಾದದ್ದು ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಘೋಷಣಾ ಪತ್ರದಿಂದ. ಮಾರಾಟಗಾರರು ಅದರಲ್ಲಿ ‘ಉಡುಗೊರೆ, ಚಿತ್ರಕಲೆಯ ಸಾಮಗ್ರಿ’ ಎಂದು ಬರೆದು, ನಾನು ಕೊಟ್ಟ ಹಣದ ಕಾಲು ಭಾಗವನ್ನಷ್ಟೇ ಮೌಲ್ಯವೆಂದು ತೋರಿಸಿದ್ದರು. ನನಗೆ ಸುಂಕ ಉಳಿಸಿಕೊಡುವ ಉಪಕಾರವೆಂದು ಅವರು ಅದನ್ನು ಆಮೇಲೆ ಸಮರ್ಥಿಸಿಕೊಂಡರು. ಆದರೆ ಹೀಗೆ ನೇರವಾಗಿ ತರಿಸುವ ವಸ್ತುವಿಗೆ ಕಸ್ಟಮ್ಸ್‌ನ ದೃಷ್ಟಿಯಲ್ಲಿ ಆಮದುದಾರ ಸಾಮಾನ್ಯವಾಗಿ ಕೊಂಡವನೇ ಆಗಿರುವುದರಿಂದ, ಆ ಸುಳ್ಳಿಗೆ ಉತ್ತರ ಹೇಳಬೇಕಾದವನು ನಾನಾಗಿದ್ದೆ. ಹಣ ಪಾವತಿಸಿದ ದಾಖಲೆ, ಆದೇಶದ ಪ್ರತಿ, ಪ್ರತಿಯೊಂದು ವಸ್ತುವಿನ ವಿವರ ಎಲ್ಲವನ್ನೂ ಒದಗಿಸಿದ ಮೇಲೆಯೂ, ಒಮ್ಮೆ ಅನುಮಾನಕ್ಕೆ ಒಳಗಾದ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ನೋಡುವುದು ತಪ್ಪಲಿಲ್ಲ. ಕೊಳ್ಳುವ ಮುನ್ನವೇ ‘ನಿಜವಾದ ಬೆಲೆಯನ್ನೂ ವಸ್ತುವಿನ ನಿಜವಾದ ಹೆಸರನ್ನೂ ಬರೆಯಿರಿ’ ಎಂದು ಲಿಖಿತವಾಗಿ ಕೇಳಿ. ಒಪ್ಪದವರನ್ನು ಅಲ್ಲಿಗೇ ಬಿಟ್ಟುಬಿಡಿ.

ಬಿಚ್ಚಿದಾಗ ಎಲ್ಲಕ್ಕಿಂತ ದೊಡ್ಡ ತಕರಾರು ಬಂದದ್ದು ಇಂಕ್‌ಗೆ. ಚರ್ಮದೊಳಗೆ ಉಳಿಯುವ ಬಣ್ಣವನ್ನು ಕಾಗದದ ಮೇಲಿನ ಬಣ್ಣದಂತೆ ಯಾವ ಸರಕಾರವೂ ನೋಡುವುದಿಲ್ಲ, ನೋಡಲೂಬಾರದು. ಯುರೋಪಿಯನ್ ಒಕ್ಕೂಟವು ರಾಸಾಯನಿಕಗಳ ಬಳಕೆಯನ್ನು ನಿಯಂತ್ರಿಸುವ ತನ್ನ ‘ರೀಚ್’ ನಿಯಮಗಳ ಅಡಿಯಲ್ಲಿ 2022ರ ಜನವರಿ 4ರಿಂದ ಹಚ್ಚೆಯ ಇಂಕ್‌ನಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ನಿರ್ಬಂಧಿಸಿದೆ. ಬಹಳ ಬಳಕೆಯಲ್ಲಿದ್ದ ಪಿಗ್ಮೆಂಟ್ ಬ್ಲೂ 15:3 ಮತ್ತು ಪಿಗ್ಮೆಂಟ್ ಗ್ರೀನ್ 7 ಎಂಬ ಎರಡು ಬಣ್ಣಗಳಿಗೆ ಮಾತ್ರ ಇನ್ನೊಂದು ವರ್ಷದ ಅವಕಾಶ ಕೊಟ್ಟು, 2023ರ ಜನವರಿ 4ರಿಂದ ಅವನ್ನೂ ನಿರ್ಬಂಧಕ್ಕೆ ಸೇರಿಸಿತು. ಬಾಟಲಿಯ ಮೇಲೆ ಹಚ್ಚೆಗಾಗಿಯೇ ತಯಾರಿಸಿದ ಮಿಶ್ರಣವೆಂಬ ಬರಹ, ಬ್ಯಾಚ್ ಸಂಖ್ಯೆ ಮತ್ತು ಘಟಕಗಳ ಪಟ್ಟಿ ಇರಬೇಕೆಂಬುದೂ ಅದೇ ನಿಯಮದ ಭಾಗ. ಅಮೆರಿಕದಲ್ಲಿ ಆಹಾರ ಮತ್ತು ಔಷಧ ಆಡಳಿತವು ಹಚ್ಚೆಯ ಇಂಕನ್ನು ಸೌಂದರ್ಯವರ್ಧಕಗಳ ಸಾಲಿನಲ್ಲಿಟ್ಟು ನೋಡುತ್ತದೆ. ಚರ್ಮದೊಳಗೆ ಚುಚ್ಚುವುದಕ್ಕೆಂದು ಅದು ಯಾವ ಬಣ್ಣಕ್ಕೂ ಅನುಮೋದನೆ ಕೊಟ್ಟಿಲ್ಲ. ಆದ್ದರಿಂದ ‘ಅನುಮೋದಿತ ಬಣ್ಣ’ ಎಂದು ಆ ಆಡಳಿತದ ಹೆಸರನ್ನು ಮುದ್ರಿಸಿರುವ ಬಾಟಲಿಯನ್ನು ಕಂಡರೆ, ಅದನ್ನು ಕೊಳ್ಳದಿರಲು ಆ ಮುದ್ರೆಯೊಂದೇ ಸಾಕು. ನನ್ನ ಬಾಟಲಿಗಳ ಮೇಲೆ ಬಣ್ಣದ ಹೆಸರಿನ ಹೊರತು ಘಟಕಗಳೂ ಇರಲಿಲ್ಲ, ಬ್ಯಾಚ್ ಸಂಖ್ಯೆಯೂ ಇರಲಿಲ್ಲ. ಇಪ್ಪತ್ತನ್ನೂ ನಾಶಪಡಿಸಿದರು.

ಆಗ ನನಗೆ ಸಿಟ್ಟು ಬಂದಿತ್ತು. 2011–12ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ನಡೆದದ್ದನ್ನು ಓದಿದ ಮೇಲೆ ಆ ಸಿಟ್ಟು ಉಳಿಯಲಿಲ್ಲ. ಅಲ್ಲಿ ಮೊದಲೇ ತೆಳುಗೊಳಿಸಿ ಮಾರುತ್ತಿದ್ದ ಬೂದು ಇಂಕ್‌ನಲ್ಲಿ ಮೈಕೋಬ್ಯಾಕ್ಟೀರಿಯಂ ಕೆಲೋನೇ ಎಂಬ ಸೂಕ್ಷ್ಮಾಣು ಸೇರಿಕೊಂಡು 19 ಜನರಿಗೆ ಚರ್ಮದ ಸೋಂಕು ತಗುಲಿತ್ತು. ಮುಚ್ಚಳ ತೆರೆಯದ ಬಾಟಲಿಯಲ್ಲೇ ಸೂಕ್ಷ್ಮಾಣು ಇದ್ದರೆ ನಾವು ಎಷ್ಟು ಕೈತೊಳೆದು, ಎಷ್ಟು ಕೈಗವಸು ಬದಲಿಸಿದರೂ ಗಿರಾಕಿಯನ್ನು ಕಾಪಾಡಲಾಗದು. ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ ಕೆಟ್ಟ ಸರಕು ಇನ್ನೂ ಎಲ್ಲೆಲ್ಲಿ ಉಳಿದಿದೆಯೆಂದು ಹುಡುಕುವ ದಾರಿಯೂ ಇರದು.

ಕ್ರೀಮ್‌ನ ವಿಚಾರ ಚಿಕ್ಕದು, ಆದರೆ ಅದೇ ಪೆಟ್ಟಿಗೆಯನ್ನು ಮತ್ತೆರಡು ವಾರ ಹಿಡಿದಿಟ್ಟಿತು. ಚರ್ಮವನ್ನು ಮರಗಟ್ಟಿಸುವ ಲಿಡೋಕೇನ್ ಇರುವ ಕ್ರೀಮ್ ಅನೇಕ ದೇಶಗಳಲ್ಲಿ ಔಷಧ. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುವ ಇಂತಹ ಕ್ರೀಮ್‌ಗಳಲ್ಲಿ ಲಿಡೋಕೇನ್ ಪ್ರಮಾಣ ಶೇ. 4ನ್ನು ಮೀರುವಂತಿಲ್ಲ, ಅದನ್ನು ಮೀರಿದ ಸರಕಿನ ಬಗ್ಗೆ 2024ರ ಮಾರ್ಚ್‌ನಲ್ಲಿ ಅಲ್ಲಿನ ಆಡಳಿತ ಸಾರ್ವಜನಿಕ ಎಚ್ಚರಿಕೆಯನ್ನೂ ಕೊಟ್ಟಿತು. ನಾನು ಕೇಳದೆಯೇ ಬಂದ ಒಂದು ಉಚಿತ ಟ್ಯೂಬ್‌ಗಾಗಿ ಔಷಧ ವಿಭಾಗದ ತಪಾಸಣೆ ನಡೆಯಿತು. ಕಿಟ್ ಕೊಳ್ಳುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಒಂದೇ ಪೆಟ್ಟಿಗೆಯಲ್ಲಿ ಯಂತ್ರ, ರಾಸಾಯನಿಕ, ಔಷಧ ಮತ್ತು ಬ್ಯಾಟರಿ ಸೇರಿದರೆ ನಾಲ್ಕು ಬೇರೆ ಬೇರೆ ಕಾನೂನುಗಳು ಅದನ್ನು ಒಟ್ಟಿಗೆ ತಡೆಯಬಲ್ಲವು.

ಬ್ಯಾಟರಿಗಳಂತೂ ಕಸ್ಟಮ್ಸ್‌ವರೆಗೂ ಬರಲಿಲ್ಲ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ಅಂತರರಾಷ್ಟ್ರೀಯವಾಗಿ ನಿಷೇಧಿಸಲಾಗಿದೆ. ಸರಕು ವಿಮಾನದಲ್ಲಿ ಹೋಗಬೇಕಾದರೂ ಅವು ಶೇ. 30ಕ್ಕಿಂತ ಹೆಚ್ಚು ಚಾರ್ಜ್ ಆಗಿರಬಾರದು, ಯುಎನ್ 38.3 ಎಂಬ ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಗುರುತು ಇರಬೇಕು. ‘ಚಿತ್ರಕಲೆಯ ಸಾಮಗ್ರಿ’ ಎಂದು ಬರೆದ ಪೆಟ್ಟಿಗೆಯ ಮೇಲೆ ಆ ಗುರುತು ಹೇಗೆ ಬಂದೀತು? ಸಾಗಣೆಯ ನಡುದಾರಿಯಲ್ಲೇ ಅವನ್ನು ತೆಗೆದುಹಾಕಿದ್ದರು.

ಸೂಜಿಗಳ ಮೇಲೆ ನಿಯಮದ ತಕರಾರು ಬರಲಿಲ್ಲ. ಆದರೆ ತಪಾಸಣೆಯಲ್ಲೋ ದಾರಿಯಲ್ಲೋ ಹಲವು ಕಾರ್ಟ್ರಿಜ್‌ಗಳ ಒಳಪೊಟ್ಟಣ ಹರಿದಿತ್ತು. ಎಥಿಲೀನ್ ಆಕ್ಸೈಡ್ ಅನಿಲದಿಂದ ಶುದ್ಧಗೊಳಿಸಿದ ಸೂಜಿಯ ಭರವಸೆಯೆಲ್ಲ ಆ ಪೊಟ್ಟಣ ಮುಚ್ಚಿರುವವರೆಗೆ ಮಾತ್ರ. ಪ್ರತಿ ಪೊಟ್ಟಣದ ಮೇಲೆ ಶುದ್ಧೀಕರಣದ ವಿಧಾನ, ಲಾಟ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇದೆಯೇ ಎಂದು ನೋಡಿ. ಹರಿದದ್ದನ್ನು ಒಂದನ್ನೂ ಉಳಿಸಿಕೊಳ್ಳಬೇಡಿ.

ಹಣದ ಲೆಕ್ಕ ನೋವಿನದು. ಅನೇಕ ದೇಶಗಳಲ್ಲಿ ಸುಂಕವನ್ನು ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ, ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ತೆರಿಗೆ ಬೀಳುತ್ತದೆ. ಅದರ ಮೇಲೆ ಕೊರಿಯರ್‌ನ ನಿರ್ವಹಣಾ ಶುಲ್ಕ, ಗೋದಾಮಿನ ದಿನಬಾಡಿಗೆ, ನಾಶಪಡಿಸಿದ ಇಂಕ್‌ನ ವಿಲೇವಾರಿ ಶುಲ್ಕ ಎಲ್ಲವನ್ನೂ ನಾನೇ ಕಟ್ಟಿದೆ. ಸಣ್ಣ ಪಾರ್ಸೆಲ್‌ಗೆ ತೆರಿಗೆ ಇಲ್ಲವೆಂಬ ಹಳೆಯ ಮಾತನ್ನು ನಂಬಬೇಡಿ: ಯುರೋಪಿಯನ್ ಒಕ್ಕೂಟವು 22 ಯೂರೋವರೆಗಿನ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿಯನ್ನು 2021ರ ಜುಲೈ 1ರಂದು ಕೊನೆಗೊಳಿಸಿತು, ಅಮೆರಿಕವು 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಸರಕಿಗೂ ನಿಲ್ಲಿಸಿತು. ಮಾರಾಟಗಾರರು ಹಣ ಹಿಂದಿರುಗಿಸಲಿಲ್ಲ. ಕಸ್ಟಮ್ಸ್‌ನಲ್ಲಿ ತಡೆಹಿಡಿದ ಸರಕಿಗೆ ಕೊಂಡವರೇ ಹೊಣೆಯೆಂಬ ಸಾಲು ಅವರ ಷರತ್ತುಗಳಲ್ಲಿ ಮೊದಲೇ ಇತ್ತು, ನಾನು ಓದಿರಲಿಲ್ಲ.

ಈಗ ನಾನು ಇಂಕನ್ನು ನನ್ನ ದೇಶದಲ್ಲೇ ಅಧಿಕೃತವಾಗಿ ಆಮದು ಮಾಡಿ ಮಾರುವವರಿಂದ ಮಾತ್ರ ಕೊಳ್ಳುತ್ತೇನೆ. ಮಷಿನ್‌ನಂಥದ್ದನ್ನು ಹೊರಗಿನಿಂದ ತರಿಸುವುದಾದರೆ ಸುಂಕವನ್ನೂ ಬೆಲೆಯಲ್ಲೇ ಸೇರಿಸಿ ಮನೆಗೆ ತಲುಪಿಸುವ, ಅಂದರೆ ಡಿಡಿಪಿ ಎಂಬ ಷರತ್ತಿಗೆ ಒಪ್ಪುವವರನ್ನು ಹುಡುಕುತ್ತೇನೆ, ಸರಕನ್ನು ಯಾವ ಎಚ್‌ಎಸ್ ಕೋಡ್‌ನಡಿ, ಅಂದರೆ ಸುಂಕಕ್ಕಾಗಿ ಸರಕನ್ನು ವರ್ಗೀಕರಿಸುವ ಯಾವ ಸಂಖ್ಯೆಯಡಿ, ಕಳುಹಿಸುತ್ತಾರೆಂದು ಕೇಳುತ್ತೇನೆ. ಆ ಕೋಡ್‌ನ ಮೊದಲ ಆರು ಅಂಕಿಗಳು ಅದನ್ನು ಅನುಸರಿಸುವ ದೇಶಗಳಿಗೆಲ್ಲ ಸಾಮಾನ್ಯವಾದ್ದರಿಂದ, ಅವನ್ನು ಹಿಡಿದು ನಮ್ಮ ದೇಶದ ಸುಂಕಪಟ್ಟಿಯಲ್ಲಿ ದರವನ್ನೂ ನಿರ್ಬಂಧವನ್ನೂ ಹಣ ಕಟ್ಟುವ ಮೊದಲೇ ನೋಡಿಕೊಳ್ಳಬಹುದು.