ನರ್ಸಿಂಗ್ ಹೋಮ್, ತಾಲೂಕು ಆಸ್ಪತ್ರೆ, ಕಾರ್ಪೊರೇಟ್: ಅಪ್ಪನ ಪಕ್ಕ ಕೂತು ನೋಡಿದ ಹೋಲಿಕೆ

ಅಪ್ಪನಿಗೆ ಬಹಳ ವರ್ಷದಿಂದ ಶುಗರ್ ಇದೆ. ಕಾಲಿನ ಗಾಯ ಮಾಯದೆ ಊರಿನ ನರ್ಸಿಂಗ್ ಹೋಮ್, ತಾಲೂಕು ಆಸ್ಪತ್ರೆ, ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆ, ಮೂರರಲ್ಲೂ ಮಲಗಿ ಎದ್ದಿದ್ದಾರೆ. ಡಾಕ್ಟರ್ ಎಷ್ಟು ಜಾಣರು ಅಂತ ಅಳೆಯೋಕೆ ನನಗೆ ಬರಲ್ಲ. ಆದರೆ ಮದ್ದು ಸರಿಯಾದವರಿಗೆ ಸರಿಯಾದ ಅಳತೆಯಲ್ಲಿ ಹೋಗುತ್ತಿದೆಯಾ, ಕೈ ತೊಳೆಯುತ್ತಾರಾ ಅನ್ನೋದು ಪಕ್ಕದಲ್ಲಿ ಕೂತವರಿಗೆ ಕಾಣುತ್ತದೆ.

ಮೊದಲು ಇನ್ಸುಲಿನ್. ನಮ್ಮಲ್ಲಿ ವಯಲ್‌ನಲ್ಲಿ, ಅಂದರೆ ಮದ್ದಿನ ಸಣ್ಣ ಬಾಟಲಿಯಲ್ಲಿ, ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ, ಪೆನ್ನಿನಲ್ಲಿ 100. ಸಿರಿಂಜೂ ಎರಡು ಥರ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ನರ್ಸಿಂಗ್ ಹೋಮ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿ 40ರ ವಯಲ್ ಹಿಡಿದು ಕಿತ್ತಳೆ ಮುಚ್ಚಳದ ಸಿರಿಂಜ್ ಬಿಚ್ಚಿದಳು. ಅದರಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು ಬರೀ 8 ಯೂನಿಟ್. ಉಲ್ಟಾ ಆಗಿ, 100ರದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದಿದ್ದರೆ, 20ರ ಜಾಗದಲ್ಲಿ 50 ಹೋಗಿ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಮನೆಯಲ್ಲಿ ತಾವೇ ಚುಚ್ಚಿಕೊಳ್ಳುವ ಅಪ್ಪ, "ಕೆಂಪು ಮುಚ್ಚಳದ್ದು ತಗೋಮ್ಮಾ" ಅಂದರು. ತಾಲೂಕು ಆಸ್ಪತ್ರೆಯ ಟ್ರೇಯಲ್ಲಿ ಇದ್ದದ್ದೇ ಕೆಂಪು ಮುಚ್ಚಳದ್ದು. ಬೇರೆಯದು ಇಲ್ಲ, ಹಾಗಾಗಿ ಗೊಂದಲವೂ ಇಲ್ಲ! ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ಎಳೆದರೆ ಇನ್ನೊಬ್ಬರು ಲೇಬಲ್, ಗೆರೆ ಎರಡನ್ನೂ ನೋಡಿ ಸಹಿ ಹಾಕುತ್ತಿದ್ದರು. ಮಧ್ಯರಾತ್ರಿಯಲ್ಲೂ. ಇದರಲ್ಲಿ ಅವರಿಗೇ ಫುಲ್ ಮಾರ್ಕ್ಸ್.

ಹೆಸರು ಕೇಳುವುದರಲ್ಲೂ ಅವರೇ ಮುಂದೆ. ಮಣಿಕಟ್ಟಿನ ಪಟ್ಟಿ ನೋಡಿ, "ನಿಮ್ಮ ಹೆಸರೇನು?" ಅಂತ ಕೇಳುತ್ತಾರೆ. ತಾಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಇಬ್ಬರು ಮಂಜುನಾಥರಿದ್ದರು. ಅಲ್ಲಿ ಕೇಳುತ್ತಿದ್ದದ್ದು "ಮಂಜುನಾಥ ನೀವೇನಾ?" ನಿದ್ದೆಗಣ್ಣಲ್ಲಿ ಯಾರಾದರೂ "ಹೂಂ" ಅಂದುಬಿಡುತ್ತಾರೆ, ಅಲ್ವಾ?

ಕೈ ತೊಳೆಯುವ ವಿಷಯ ಬಂದರೆ ಲೆಕ್ಕ ತಿರುಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಪ್ರತಿ ಹಾಸಿಗೆಗೂ ಹ್ಯಾಂಡ್‌ರಬ್ ಬಾಟಲಿ ಇತ್ತು. ಸಿಸ್ಟರ್‌ಗಳು ತಪ್ಪದೆ ಉಜ್ಜಿಕೊಳ್ಳುತ್ತಿದ್ದರು. ಹಿಂದೆ ದಂಡು ಕಟ್ಟಿಕೊಂಡು ಬರುವ ಹಿರಿಯ ಡಾಕ್ಟರ್ ಮಾತ್ರ ಒಂದು ಗಾಯ ಮುಟ್ಟಿ ಸೀದಾ ಪಕ್ಕದ ಹಾಸಿಗೆಗೆ ಹೋದರು. ಉಜ್ಜಿಕೊಳ್ಳೋಕೆ ಬೇಕಾದದ್ದು 20-30 ಸೆಕೆಂಡ್. ಹೇಳುವವರು ಯಾರು? ತಾಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಪ್ರತಿ ರೋಗಿಗೂ ಗ್ಲೌಸ್ ಬದಲಾಗುತ್ತಿತ್ತು, ಸೂಜಿ ಆಗಲೇ ಕಟರ್‌ಗೆ ಹೋಗುತ್ತಿತ್ತು, ಕೊಳೆ ಬ್ಯಾಂಡೇಜ್ ಹಳದಿ ಡಬ್ಬಕ್ಕೆ. 2015ರಲ್ಲಿ ಶುರುವಾದ ಕಾಯಕಲ್ಪ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಸ್ವಚ್ಛತೆ, ಸೋಂಕು ತಡೆಗೆ ಅಂಕ ಕೊಡುತ್ತಾರೆ. ಅದರ ಪೋಸ್ಟರ್ ಗೋಡೆ ಮೇಲೆ ಸುಮ್ನೆ ಅಂಟಿಸಿದ್ದಲ್ಲ ಅನ್ನಿಸಿತು. ಟಾಯ್ಲೆಟ್ ನೆಲ ಮಾತ್ರ ಸದಾ ಒದ್ದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಕಾಲಿಗೆ ಕಟ್ಟು ಹಾಕಿದವರು ಅಲ್ಲಿ ಜಾರದೆ ಬರೋದೇ ಸಾಹಸ.

ದೊಡ್ಡ ಆಸ್ಪತ್ರೆ ಎಡವಿದ್ದು ಒಬ್ಬರಿಂದ ಒಬ್ಬರಿಗೆ ಮಾತು ದಾಟುವಲ್ಲಿ. ಆಂಜಿಯೋಗ್ರಾಮ್‌ಗೆ ಅಂತ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿದರು. ಕಿಡ್ನಿ ಟೆಸ್ಟ್ ನೋಡಿ ಮತ್ತೆ ಶುರು ಮಾಡಬೇಕು ಅಂತ ಒಬ್ಬರು ಬಾಯಲ್ಲಿ ಹೇಳಿದ್ದರು. ಪುಟಗಟ್ಟಲೆ ಇದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದರ ಸುದ್ದಿಯೇ ಇಲ್ಲ. ನಾಲ್ಕು ವಿಭಾಗದವರು ನೋಡಿದ್ದರು, ಪ್ರತಿಯೊಬ್ಬರೂ ಇನ್ನೊಬ್ಬರು ಬರೆಯುತ್ತಾರೆ ಅಂದುಕೊಂಡಿರಬೇಕು. ನರ್ಸಿಂಗ್ ಹೋಮ್ ಡಾಕ್ಟರ್‌ಗೆ ಅಪ್ಪನ ಎಲ್ಲಾ ಮಾತ್ರೆ ಬಾಯಿಪಾಠ. ಅವರು ಮದುವೆಗೆ ಅಂತ ಊರು ಬಿಟ್ಟ ರಾತ್ರಿ ಬಂದ ಡ್ಯೂಟಿ ಡಾಕ್ಟರ್‌ಗೆ ಸಿಕ್ಕಿದ್ದು ಕೇಸ್ ಶೀಟಿನ ಎರಡು ಸಾಲು. ಆಮೇಲೆ ಆ ಕಾಗದದ ನಕಲು ಕೇಳಿದಾಗ "ಯಾಕೆ ಬೇಕು?" ಅಂದರು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮದಲ್ಲೇ ಇದೆ ಅಂದ ಮೇಲೆ ಸಿಕ್ಕಿತು.

ಈಗ ಡ್ರೆಸ್ಸಿಂಗ್‌ಗೆ ತಾಲೂಕು ಆಸ್ಪತ್ರೆಗೇ ಹೋಗುತ್ತೇವೆ. ಜ್ವರ, ಶುಗರ್ ಏರುಪೇರು ಆದರೆ ನರ್ಸಿಂಗ್ ಹೋಮ್, ಅದೂ ಡಾಕ್ಟರ್ ಊರಲ್ಲಿದ್ದಾರಾ ಅಂತ ಫೋನ್ ಮಾಡಿ. ಆಪರೇಷನ್ ಅಂದರೆ ದೊಡ್ಡ ಆಸ್ಪತ್ರೆ. ಆದರೆ ಯಾವ ಮಾತ್ರೆ ನಿಲ್ಲಿಸಿದ್ದು, ಯಾವುದು ಮತ್ತೆ ಶುರು ಅಂತ ಬರೆಸಿಕೊಳ್ಳದೆ ನಾವು ವಾರ್ಡ್ ಬಿಡುವುದಿಲ್ಲ.