ಸಮ್ಮರ್ ರಿಸರ್ಚ್ ಫೆಲೋಶಿಪ್ ಹೆಂಗಿದೆ: ಹಾಸನದಿಂದ ಹೋಗ್ಬಂದವಳ ರಿವ್ಯೂ

ಹಾಸನದಲ್ಲಿ ಬಿಎಸ್ಸಿ ಬಯೋಟೆಕ್, ಮೈಕ್ರೋಬಯಾಲಜಿ, ಜುವಾಲಜಿ ಓದ್ತಿರೋ ಎಷ್ಟೋ ಜನಕ್ಕೆ ಇಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗ್‌ರಾಜ್‌ನ ನಾಸಿ, ಈ ಮೂರು ಅಕಾಡೆಮಿಗಳು ಸೇರಿ ನಡೆಸೋ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದು. ಎಂಟು ವಾರ ಒಬ್ಬ ವಿಜ್ಞಾನಿಯ ಲ್ಯಾಬಲ್ಲಿ ಕೆಲಸ, ಅದಕ್ಕೆ ಸ್ಟೈಪೆಂಡ್ ಕೊಡ್ತಾರೆ, ಹೋಗಿ ಬರೋ ಟ್ರೈನ್ ಚಾರ್ಜೂ ಕೊಡ್ತಾರೆ. ನಾವು ಯಾರಿಗೂ ಫೀಸ್ ಕಟ್ಟೋ ಹಂಗಿಲ್ಲ.

ಇದನ್ನ ಒತ್ತಿ ಹೇಳ್ತಿರೋದು ಯಾಕಂದ್ರೆ ನನ್ನ ಕ್ಲಾಸಿನವರೇ ಕೆಲವರು ಒಂದು ಟ್ರೈನಿಂಗ್ ಸೆಂಟರಿಗೆ ಸಾವಿರಾರು ರೂಪಾಯಿ ಕಟ್ಟಿ, ಅಲ್ಲಿ ಒಬ್ರು ಡಿಎನ್ಎ ತೆಗೆಯೋದನ್ನ ಸುತ್ತ ನಿಂತು ನೋಡಿ, ಸರ್ಟಿಫಿಕೇಟ್ ಇಸ್ಕೊಂಡು ಬಂದ್ರು, ಹನಿ ಅಳೆದು ಹಾಕೋ ಪಿಪೆಟ್ ಕೈಗೇ ಸಿಗ್ಲಿಲ್ಲವಂತೆ. ಮನೇಲಿ ಆಲೂಗಡ್ಡೆ ಮಾರಿದ ದುಡ್ಡು ಅದು, ನಂಗೆ ಈಗಲೂ ಹೊಟ್ಟೆ ಉರಿಯುತ್ತೆ.

ಅಪ್ಲಿಕೇಶನ್ ಆನ್‌ಲೈನು. ಮಾರ್ಕ್ಸ್ ಹಾಕ್ಬೇಕು, ಏನು ಮಾಡೋಕೆ ಇಷ್ಟ ಅಂತ ಚಿಕ್ಕದಾಗಿ ಬರೀಬೇಕು, ನಮ್ಮನ್ನ ಬಲ್ಲ ಒಬ್ಬ ಮೇಷ್ಟ್ರು ಶಿಫಾರಸು ಪತ್ರ ಕಳಿಸ್ಬೇಕು. ಬರೆಯೋ ಭಾಗಕ್ಕೆ ಟೈಮ್ ಕೊಡಿ, ನೆಟ್‌ನಿಂದ ಎತ್ತಿ ಹಾಕ್ಬೇಡಿ. ನಮ್ಮಜ್ಜಿ ಊರು ಕೊಪ್ಪದ ಕಡೆ, ಅಲ್ಲಿ ಮಂಗನ ಕಾಯಿಲೆ ಅಂದ್ರೆ ಜನಕ್ಕೆ ಇವತ್ತಿಗೂ ಭಯ, ಕಾಡಿಗೆ ಸೊಪ್ಪಿಗೆ ಹೋದವರಿಗೆ ಉಣುಗು ಕಚ್ಚಿ ಬರೋ ಜ್ವರ, 1957ರಲ್ಲಿ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ವೈರಸ್ಸು. ನಾನು ಅದನ್ನೇ ಬರೆದೆ. ಆ ವೈರಸ್ ಜೊತೆ ಕೆಲಸ ಮಾಡೋಕೆ ತುಂಬಾ ಬಿಗಿ ಸುರಕ್ಷತೆ ಇರೋ ಲ್ಯಾಬ್ ಬೇಕು, ಡಿಗ್ರಿ ಹುಡುಗ್ರನ್ನ ಒಳಗೇ ಬಿಡಲ್ಲ. ನಂಗೆ ಸಿಕ್ಕಿದ್ದು ಬೆಂಗಳೂರಲ್ಲಿ ಟಿಬಿ ಮೇಲೆ ಕೆಲಸ ಮಾಡೋ ಒಂದು ಲ್ಯಾಬು.

ಅಲ್ಲೂ ನಿಜವಾದ ಟಿಬಿ ಬ್ಯಾಕ್ಟೀರಿಯಾ ನಮ್ಮ ಕೈಗೆ ಕೊಡಲ್ಲ. ಅದರದ್ದೇ ಜಾತಿಯ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಕೊಡ್ತಾರೆ, ಸಾಮಾನ್ಯವಾಗಿ ರೋಗ ತರಲ್ಲ, ಸುಮಾರು ಮೂರು ಗಂಟೆಗೆ ಎರಡರಷ್ಟಾಗುತ್ತೆ, ಪ್ಲೇಟಲ್ಲಿ ಎರಡು ಮೂರು ದಿನಕ್ಕೆಲ್ಲ ಕಾಲೊನಿ (ಕಣ್ಣಿಗೆ ಕಾಣೋ ಬ್ಯಾಕ್ಟೀರಿಯಾ ಗುಂಪು) ಕಾಣುತ್ತೆ. ಟಿಬಿ ಬ್ಯಾಕ್ಟೀರಿಯಾ ಎರಡರಷ್ಟಾಗೋಕೆ ಹತ್ತಿರ ಹತ್ತಿರ ಒಂದು ದಿನ ಬೇಕು, ಕಾಲೊನಿ ನೋಡೋಕೆ ವಾರಗಟ್ಟಲೆ ಕಾಯ್ಬೇಕು, ಎಂಟು ವಾರದಲ್ಲಿ ಏನ್ ಮಾಡೋಕಾಗುತ್ತೆ ಹೇಳಿ. ಟಿಬಿ ಮಾತ್ರೆ ಆರು ತಿಂಗಳು ಯಾಕೆ ನುಂಗಿಸ್ತಾರೆ ಅಂತ ನಂಗೆ ಸರಿಯಾಗಿ ತಲೆಗೆ ಹೋಗಿದ್ದೂ ಅಲ್ಲೇ, ಅಷ್ಟು ನಿಧಾನಕ್ಕೆ ಬೆಳೆಯೋದು, ಕೆಲವಂತೂ ಸುಮ್ಮನೆ ಮಲಗಿರೋ ಹಂಗೆ ಇದ್ದು ಔಷಧಿಗೆ ಬಗ್ಗದೇ ಉಳ್ಕೊಳ್ಳುತ್ತೆ.

ನಂಗೆ ಕಲಿಸಿದ್ದು ಆ ಲ್ಯಾಬಿನ ಪಿಎಚ್‌ಡಿ ಅಕ್ಕ. ಗೈಡ್ ಸರ್ ವಾರಕ್ಕೊಂದ್ಸಲ ಮೀಟಿಂಗಲ್ಲಿ ಸಿಗೋರು, ದಿನದ ಕಷ್ಟ ಸುಖ ಎಲ್ಲ ಅಕ್ಕನ ಹತ್ರಾನೇ. ಸ್ಪಿರಿಟ್ 70 ಪರ್ಸೆಂಟೇ ಯಾಕೆ ಹಾಕಿ ಒರೆಸೋದು, ಪೂರ್ತಿ ಆಲ್ಕೊಹಾಲ್ ಯಾಕಲ್ಲ (ನೀರಿನಂಶ ಇದ್ರೇನೇ ಕ್ರಿಮಿಯ ಒಳಗಿನ ಪ್ರೋಟೀನ್ ಚೆನ್ನಾಗಿ ಕೆಡೋದು), ಡಿಎನ್ಎ ತುಣುಕನ್ನ ನಕಲು ಮಾಡಿ ಹೆಚ್ಚಿಸೋ ಪಿಸಿಆರ್‌ನಲ್ಲಿ ಡಿಎನ್ಎ ಹಾಕದೇ ಇರೋ ಒಂದು ಟ್ಯೂಬ್ ಯಾಕೆ ಇಡ್ಬೇಕು, ಎಲ್ಲಾನೂ ಬೇಜಾರಿಲ್ಲದೆ ಹೇಳ್ಕೊಟ್ರು. "ಆ ಖಾಲಿ ಟ್ಯೂಬಲ್ಲಿ ಬ್ಯಾಂಡ್ ಬಂತು ಅಂದ್ರೆ ಪಕ್ಕದಲ್ಲಿ ಎಷ್ಟೇ ಚೆಂದದ ಬ್ಯಾಂಡ್ ಇರ್ಲಿ ನಂಬ್ಬೇಡ ಕಣೆ" ಅಂದಿದ್ರು (ಬ್ಯಾಂಡ್ ಅಂದ್ರೆ ಡಿಎನ್ಎ ಇದೆ ಅಂತ ತೋರಿಸೋ ಗೆರೆ, ಖಾಲಿ ಟ್ಯೂಬಲ್ಲೂ ಬಂತು ಅಂದ್ರೆ ಎಲ್ಲಿಂದಲೋ ಬೇರೆ ಡಿಎನ್ಎ ಸೇರಿದೆ ಅಂತ). ಕಾಲೇಜ್ ಪ್ರಾಕ್ಟಿಕಲ್ಲಲ್ಲಿ ಉತ್ತರ ಮೊದಲೇ ರೆಕಾರ್ಡ್ ಬುಕ್ಕಲ್ಲಿ ಇರುತ್ತೆ, ಇಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ, ಆ ಅಕ್ಕಂಗೂ ಗೊತ್ತಿಲ್ಲ, ಗೈಡಿಗೂ ಗೊತ್ತಿಲ್ಲ. ನಂಗೆ ಈ ಫೆಲೋಶಿಪ್ ಇಷ್ಟ ಆಗಿದ್ದು ಇದೊಂದಕ್ಕೇ ಅಂದ್ರೂ ಸರಿ.

ತೊಂದ್ರೆಗಳೂ ಇವೆ. ಎಂಟು ವಾರ ಸಾಲಲ್ಲ, ಕೈ ಕುದುರೋ ಹೊತ್ತಿಗೆ ರಿಪೋರ್ಟ್ ಬರೆಯೋ ಟೈಮ್ ಬಂದಿರುತ್ತೆ. ಸಂಸ್ಥೆ ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಬೆಂಗಳೂರು ಪಿಜಿ ಬಾಡಿಗೆ, ಊಟಕ್ಕೇ ಸ್ಟೈಪೆಂಡಿನ ದೊಡ್ಡ ಪಾಲು ಹೋಗುತ್ತೆ. ಎಲ್ಲಕ್ಕಿಂತ ದೊಡ್ಡದು ಸೆಮಿಸ್ಟರ್ ಎಕ್ಸಾಮು, ಟೈಮ್‌ಟೇಬಲ್ ಕೊನೇವರೆಗೂ ಬಿಡಲ್ಲ, ನಾನು ಮಧ್ಯೆ ಮಧ್ಯೆ ಹಾಸನಕ್ಕೆ ಬಂದು ಪರೀಕ್ಷೆ ಬರೆದು ವಾಪಸ್ ಹೋಗ್ಬೇಕಾಯ್ತು. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗೋ ಟ್ರೈನ್ ಇಲ್ದಿದ್ರೆ ಕಷ್ಟ ಇತ್ತು. ಗೈಡಿಗೆ ಮೊದಲೇ ಹೇಳಿ ಒಪ್ಪಿಸ್ಕೊಳಿ. ಮೇ ತಿಂಗಳಲ್ಲಿ ನಮ್ಮ ಕಡೆ ಆಲೂಗಡ್ಡೆ ಬಿತ್ತನೆ ಬೇರೆ, ಮನೆಯವರು ಒಬ್ಬಳನ್ನ ಕಳಿಸೋಕೆ ಯೋಚ್ನೆ ಮಾಡ್ತಾರೆ, ಆಯ್ಕೆ ಪತ್ರ ತೋರಿಸಿ ಕೂತು ಮಾತಾಡಿ, ನಮ್ಮಪ್ಪ ದುಡ್ಡು ಏನೂ ಕಟ್ಟೋ ಹಂಗಿಲ್ಲ ತಾನೇ ಅಂತ ಎರಡೆರಡು ಸಲ ಕೇಳಿ ಆಮೇಲೆ ಹ್ಞೂಂ ಅಂದ್ರು.

ಹಾಸನದ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲಿ ಎಂಬಿಬಿಎಸ್ ಓದ್ತಿರೋರು ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ ಎಸ್‌ಟಿಎಸ್ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ನೋಡಿ, 1979ರಿಂದ ಇದೆ, ಎಂಬಿಬಿಎಸ್ ಬಿಡಿಎಸ್‌ನವರಿಗೆ. ನಿಮ್ಮ ಕಾಲೇಜಿನ ಮೇಡಂ, ಸರ್ ಒಬ್ರನ್ನೇ ಗೈಡ್ ಮಾಡ್ಕೊಂಡು ಎರಡು ತಿಂಗಳ ಪ್ರಾಜೆಕ್ಟ್ ಮಾಡೋದು, ಊರು ಬಿಡೋ ಅಗತ್ಯ ಇಲ್ಲ. ಆದ್ರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು, ರಿಪೋರ್ಟ್ ಪಾಸಾದ್ರೇನೇ ದುಡ್ಡು.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ದಸರಾ ಹೊತ್ತಿಂದಾನೇ ಅಕಾಡೆಮಿ ವೆಬ್‌ಸೈಟ್ ನೋಡ್ತಾ ಇರಿ, ಮೇಷ್ಟ್ರ ಹತ್ರ ಪತ್ರಕ್ಕೆ ಕೊನೇ ದಿನ ಹೋಗ್ಬೇಡಿ. ಎರಡನೇ ವರ್ಷದವರು ಈ ಸಲಾನೇ ಹಾಕಿ, ಸಿಗ್ಲಿಲ್ಲ ಅಂದ್ರೆ ಮೂರನೇ ವರ್ಷ ಇದ್ದೇ ಇದೆ.